ನ್ಯೂ ಕಾಲೇಜಿನ ಪ್ರಾರ್ಥನಾಮಂದಿರವೂ ಅದರ ಕೈಸಾಲೆಯೂ

ಹಳೆಯ ಕಟ್ಟಡವೊಂದನ್ನು ವಿಮರ್ಶಿಸುವ ಕಾರ್ಯವು ಹಳೆಯ ಕಾವ್ಯವೊಂದನ್ನು ಪರಿಷ್ಕರಿಸುವ ಕಾರ್ಯಕ್ಕಿಂತ ಒಂದು ವಿಷಯದಲ್ಲಿ ಕಷ್ಟತರವಾದುದು. ಓಲೆಯ ಗ್ರಂಥಗಳಲ್ಲಿ ಒಂದು ಪ್ರತಿ ಕೆಟ್ಟರೆ ಮತ್ತೊಂದು ಪ್ರತಿ ದೊರೆತೀತು. ಪಾಠಾಂತರಗಳನ್ನು ಹೋಲಿಸಿ ಕವಿಯ ಮಾತು ಯಾವುದು, ಲಿಪಿಕಾರನ ಮಾತು ಯಾವುದು ಎಂಬುದನ್ನು ನಿರ್ಧರಿಸಬಹುದು. ಕಟ್ಟಡಕ್ಕಾದರೋ ಇರುವುದು ಒಂದೇ ಪ್ರತಿ. ಆ ಪ್ರತಿಯ ಮೇಲೆಯೇ ಪ್ರತಿಯೊಂದು ತಲೆಮಾರೂ ತನ್ನ ತಿದ್ದುಪಡಿಯನ್ನು ಬರೆಯುತ್ತದೆ. ಬರೆಯುವಾಗ ಹಿಂದಿನದನ್ನು ಅಳಿಸಿಯೂ ಬಿಡುತ್ತದೆ. ಆದುದರಿಂದ ಪ್ರಸಿದ್ಧವಾದ ಕಟ್ಟಡವನ್ನು ಹೊಗಳುವವರು ಬಹುಮಟ್ಟಿಗೆ ಪ್ರಕ್ಷೇಪಗಳನ್ನೇ ಹೊಗಳುತ್ತಿರುವ ಸಂಭವವುಂಟು.

ಇಂಗ್ಲೆಂಡಿನ ಆಕ್ಸ್‌ಫರ್ಡ್ ನಗರದಲ್ಲಿರುವ ನ್ಯೂ ಕಾಲೇಜಿನ ಪ್ರಾರ್ಥನಾಮಂದಿರವು ಇದಕ್ಕೆ ಒಳ್ಳೆಯ ನಿದರ್ಶನ. ಅದನ್ನು ನೋಡಹೋದವರು ಸಾಮಾನ್ಯವಾಗಿ ಮೆಚ್ಚಿ ನಿಲ್ಲುವುದು ಪಶ್ಚಿಮದ ದೊಡ್ಡ ಕಿಟಕಿಯ ಮುಂದೆ, ಅಥವಾ ವೇದಿಯ ಹಿಂದಣ ಮೂರ್ತಿಭಿತ್ತಿಯ ಮುಂದೆ. ಇವೆರಡೂ ಈಗ ಕಾಣುವ ರೂಪದಲ್ಲಿ ಕಾಲೇಜಿನ ಸ್ಥಾಪಕನು ಕಂಡುವಲ್ಲ. ಅವನ ಮನಸ್ಸನ್ನು ಕಾಣಬೇಕಾದರೆ ಕಟ್ಟಡದ ವಿನ್ಯಾಸವನ್ನು ನೋಡಬೇಕು. ಅನಂತರ ಪಶ್ಚಿಮದ ಬಾಗಿಲಾಚೆಗೆ ನಡೆದು, ಮಂದಿರಕ್ಕೆ ಸೇರಿದ ಕೈಸಾಲೆಯಲ್ಲಿ ಒಂದು ಸುತ್ತು ತಿರುಗಬೇಕು. ಇಂಗ್ಲಿಷರು ಕ್ಲಾಯಿಸ್ಟರ್ ಎಂದು ಕರೆಯುವ, ನಾಲ್ಕು ಕಡೆಗಳಲ್ಲಿಯೂ ಮುಚ್ಚುದಾರಿಯಿದ್ದು ನಡುವೆ ಹಸುರಂಗಳವುಳ್ಳ ಈ ರಚನೆಗೆ ಕೈಸಾಲೆ ಎಂಬ ಕನ್ನಡದ ಮಾತು ಸಾಕಷ್ಟು ಒಪ್ಪುತ್ತದೆ.

ಸ್ಥಾಪಕನಾದ ವಿಲಿಯಂ ಆಫ್ ವಿಕಮ್ ವಿಂಚೆಸ್ಟರಿನ ಬಿಷಪ್ಪನೂ, ರಾಜ್ಯದ ಚಾನ್ಸೆಲರನೂ ಆಗಿದ್ದವನು. ಹುಟ್ಟಿನಿಂದ ದೊಡ್ಡ ಮನೆತನದವನಲ್ಲ. ದೊರೆಯ ಕಟ್ಟಡಗಳ ಮೇಲ್ವಿಚಾರಣೆಯಿಂದ ಮುಂದಕ್ಕೆ ಬಂದು, ರಾಜ್ಯದ ಅತ್ಯುನ್ನತ ಪದವಿಯನ್ನೇರಿದವನು. ಕಲ್ಲು, ಸುಣ್ಣ, ಮರಗಳ ವ್ಯವಹಾರವು ಅವನಿಗೆ ಅಂಗೈಯ ಮೇಲಣ ನೆಲ್ಲಿಯಂತಿದ್ದಿತು. 1348ರಲ್ಲಿ ಇಂಗ್ಲೆಂಡನ್ನು ಹೊಕ್ಕ ಮಹಾಮಾರಿಯು ದೇಶದ ಜನರಲ್ಲಿ ಬಹುಭಾಗವನ್ನು ಕೊಂಡೊಯ್ದಿತ್ತು. ವಿದ್ಯಾವಂತರಾದ ಪಾದ್ರಿಗಳ ಸಂಖ್ಯೆ ಕ್ಷೀಣಿಸಿದ್ದಿತು. ಈ ಕೊರತೆಯನ್ನು ತುಂಬುವುದು ವಿಕಮನ ಉದ್ದೇಶಗಳಲ್ಲೊಂದು. 1379ರಲ್ಲಿ ಅವನು ಕಾಲೇಜನ್ನು ಸ್ಥಾಪಿಸಿದನು, 1380ರಲ್ಲಿ ಶಂಕುಸ್ಥಾಪನೆಯಾಯಿತು, 1386ರಲ್ಲಿ ವಾರ್ಡನ್ನನೂ ವಿದ್ಯಾರ್ಥಿಗಳೂ ಮೆರವಣಿಗೆಯಿಂದ ಒಳಹೊಕ್ಕರು. ಕಾಲೇಜಿನ ನಿಜವಾದ ಹೆಸರು ಸೇಂಟ್ ಮೇರಿಯದು. ಅದೇ ಹೆಸರಿನ ಓರಿಯಲ್ ಕಾಲೇಜು ಅದಕ್ಕಿಂತ ಮೊದಲೇ ಊರಿನಲ್ಲಿದ್ದುದರಿಂದ ಇದನ್ನು ಜನರು ‘ಹೊಸ ಕಾಲೇಜು’ ಎಂದರು. ಆರುನೂರು ವರ್ಷಗಳು ಕಳೆದರೂ ಆ ಹೆಸರು ಹಳತಾಗಲಿಲ್ಲ.

ಅವನು ಕೊಂಡ ನೆಲವು ನಗರದ ಗೋಡೆಗೆ ಒತ್ತಿದ, ಮಾರಿಯ ಕಾಲದಿಂದ ಪಾಳುಬಿದ್ದು ಕಸದ ತಿಪ್ಪೆಯಾಗಿದ್ದ ಭೂಮಿ. ನಗರದ ಗೋಡೆಯ ಆ ಭಾಗವನ್ನು ಸುಸ್ಥಿತಿಯಲ್ಲಿಡುವ ಹೊಣೆಯನ್ನೂ ಕಾಲೇಜು ಆಗಲೇ ವಹಿಸಿಕೊಂಡಿತು. ಇಂದಿಗೂ ಆ ಗೋಡೆ ಅಲ್ಲಿ ನಿಂತಿದೆ. ಈ ಪಾಳುನೆಲದ ಮೇಲೆ ವಿಕಮನು ಆಕ್ಸ್‌ಫರ್ಡಿನಲ್ಲಿ ಅದುವರೆಗೆ ಯಾರೂ ಮಾಡದಿದ್ದುದನ್ನು ಮಾಡಿದನು. ಅದಕ್ಕೆ ಹಿಂದಿನ ಕಾಲೇಜುಗಳು ಮನೆಗೆ ಮನೆ ಸೇರಿಸಿದಂತೆ, ಅನುಕೂಲ ಒದಗಿದಾಗ ಒಂದೊಂದು ಭಾಗವಾಗಿ ಬೆಳೆದುವು. ಇಲ್ಲಿ ಮಹಾದ್ವಾರ, ವಾರ್ಡನ್ನನ ಮನೆ, ವಿದ್ಯಾರ್ಥಿಗಳ ಕೋಣೆಗಳು, ಪುಸ್ತಕಭಂಡಾರ, ಭೋಜನಶಾಲೆ, ಪ್ರಾರ್ಥನಾಮಂದಿರ ಇವೆಲ್ಲವೂ ಒಂದೇ ಚೌಕದ ಸುತ್ತ, ಒಂದೇ ಆಲೋಚನೆಯಿಂದ ಎದ್ದು ನಿಂತುವು. ಅವನ ಸ್ಥಪತಿಯಾದ ವಿಲಿಯಂ ವಿನ್‌ಫರ್ಡ್, ಬಡಗಿಯಾದ ಹ್ಯೂ ಹರ್ಲೆಂಡ್, ಗಾಜಿನ ಕೆಲಸದ ಥಾಮಸ್ ಇವರು ಆ ಕಾಲದ ಅಗ್ರಗಣ್ಯ ಶಿಲ್ಪಿಗಳು. ವಿಕಮನು ವಿಂಚೆಸ್ಟರಿನಲ್ಲಿ ಸ್ಥಾಪಿಸಿದ ಶಾಲೆಯ ಮಂದಿರದಲ್ಲಿ ಪೂರ್ವದ ಕಿಟಕಿಯ ಕೆಳಮೂಲೆಗಳಲ್ಲಿ ಈ ಕುಶಲಕರ್ಮಿಗಳ ಚಿತ್ರಗಳನ್ನು ಬರೆಯಿಸಿದನು. ಕೂಲಿಯವರನ್ನು ಮರೆಯದ ಯಜಮಾನನೆಂಬುದಕ್ಕೆ ಇದು ಸಾಕ್ಷಿ.

ಈ ವಿನ್ಯಾಸದಲ್ಲಿ ವಿಮರ್ಶಕನ ಕಣ್ಣನ್ನು ಮೊದಲು ಸೆಳೆಯಬೇಕಾದುದು ಒಂದು ಗೋಡೆ. ಚೌಕದ ಉತ್ತರಭಾಗದಲ್ಲಿ ಮಂದಿರವೂ ಭೋಜನಶಾಲೆಯೂ ಒಂದೇ ಸಾಲಿನಲ್ಲಿ, ಬೆನ್ನಿಗೆ ಬೆನ್ನು ಕೊಟ್ಟು ನಿಂತಿವೆ. ಮಂದಿರದ ಪೂರ್ವದ ಗೋಡೆಯೇ ಭೋಜನಶಾಲೆಯ ಪಶ್ಚಿಮದ ಗೋಡೆ. ಹೊರಗಿನಿಂದ ನೋಡಿದರೆ ಎರಡೂ ಸೇರಿ ಒಂದೇ ಉದ್ದನೆಯ ಗಂಭೀರವಾದ ಕಟ್ಟಡವಾಗಿ ತೋರುತ್ತವೆ. ಆದರೆ ಈ ಗಾಂಭೀರ್ಯಕ್ಕೆ ತೆತ್ತ ಬೆಲೆ ಅಲ್ಪವಲ್ಲ. ಇಂಗ್ಲೆಂಡಿನ ದೇವಾಲಯಗಳಲ್ಲಿ ವೇದಿಯ ಮೇಲಿನ ಪೂರ್ವದ ಮಹಾಗವಾಕ್ಷವೇ ಕಟ್ಟಡದ ಕಣ್ಣು. ಬೆಳಗಿನ ಸೂರ್ಯನು ಬಣ್ಣದ ಗಾಜನ್ನು ಹಾಯ್ದು ಪೂಜೆಯ ಹೊತ್ತಿಗೆ ಒಳಬರುವುದು ಅಲ್ಲಿಂದ. ನ್ಯೂ ಕಾಲೇಜಿನಲ್ಲಿ ಆ ಕಣ್ಣೇ ಇಲ್ಲ. ಅದರ ಸ್ಥಾನದಲ್ಲಿ ಸೂರಿನವರೆಗೂ ಏರಿದ ಭಿತ್ತಿಯಲ್ಲಿ ಸಾಲುಸಾಲಾಗಿ ಗೂಡುಗಳನ್ನು ಕೊರೆದು ಮೂರ್ತಿಗಳನ್ನು ನಿಲ್ಲಿಸಿದ್ದರು. ಗೋಡೆಯ ಆಚೆಯ ಬದಿಯಲ್ಲಿ ಊಟ, ಈಚೆಯ ಬದಿಯಲ್ಲಿ ಪೂಜೆ. ಭೋಜನಶಾಲೆಯಲ್ಲಿ ಕುಸ್ತಿ, ಕುಣಿತ ಮೊದಲಾದುವನ್ನು ವಿಕಮನ ನಿಬಂಧನೆಗಳು ನಿಷೇಧಿಸಿದುವು. ಅದಕ್ಕೆ ಕೊಟ್ಟ ಕಾರಣವು ಆಚೆಯ ಬದಿಯ ಮೂರ್ತಿಗಳಿಗೆ ಧಕ್ಕೆ ತಗುಲೀತೆಂಬುದು. ಹುಡುಗರ ಹುಡುಗಾಟವನ್ನೂ ದೇವರ ಸನ್ನಿಧಿಯನ್ನೂ ಒಂದೇ ಗೋಡೆ ಬೇರ್ಪಡಿಸುತ್ತದೆಂಬ ಅರಿವು ಇಲ್ಲಿ ಎಷ್ಟು ಸ್ಪಷ್ಟವಾಗಿದೆ! ವಿದ್ಯಾರ್ಥಿಯ ಜೀವನವು ಅಖಂಡವಾದುದೆಂಬ ತತ್ತ್ವವನ್ನು ಕಲ್ಲಿನಲ್ಲಿ ಹೇಳುವುದಕ್ಕಾಗಿ ಪೂರ್ವದ ಬೆಳಕನ್ನು ಕಳೆದುಕೊಂಡುದು ಪ್ರಜ್ಞಾಪೂರ್ವಕವಾದ ತ್ಯಾಗವೆಂದೇ ಭಾವಿಸಬೇಕು.

ಕಳೆದುಕೊಂಡ ಬೆಳಕಿಗೆ ಪ್ರತಿಯಾಗಿ ದೊರೆತುದು ಪಶ್ಚಿಮದ ಮುಖಮಂಟಪ. ಮಂದಿರದ ಒಟ್ಟು ಆಕಾರವು ಇಂಗ್ಲಿಷಿನ ಟೀ ಅಕ್ಷರದಂತಿದೆ. ಉದ್ದನೆಯ ಕಾಲು ಗಾಯಕರೂ ಫೆಲೋಗಳೂ ಕುಳಿತುಕೊಳ್ಳುವ ಭಾಗ. ಅಡ್ಡಗೆರೆಯು ಎರಡು ಅಂಕಣಗಳ ಮುಖಮಂಟಪ. ಇದಕ್ಕಿಂತ ಹಿಂದೆ ಕಟ್ಟಿದ ಮರ್ಟನ್ ಕಾಲೇಜಿನ ಮಂದಿರದಲ್ಲಿ ಪಶ್ಚಿಮದ ಉದ್ದನೆಯ ಭಾಗವು ಎಂದೂ ಪೂರ್ತಿಯಾಗದೆ, ಅದೇ ಆಕಾರ ಉಳಿಯಿತು. ಅಲ್ಲಿ ಅಪೂರ್ಣತೆಯಿಂದ ಬಂದ ರೂಪವು ಇಲ್ಲಿ ಸಂಕಲ್ಪದಿಂದ ಬಂದಿದೆ. ಆಲ್ ಸೋಲ್ಸ್, ಮಾಡ್ಲಿನ್, ವಾಡಮ್ ಕಾಲೇಜುಗಳ ಮಂದಿರಗಳು ಮುಂದೆ ಇದನ್ನೇ ಅನುಸರಿಸಿದುವು. ಒಳಭಾಗದ ಕಿರಿದಾದ ಉದ್ದನೆಯ ನಡಿಗೆಗೆ ಎದುರಾಗಿ ಮುಖಮಂಟಪದ ಕಂಬಗಳು ತೆಳುವಾಗಿ, ಎತ್ತರವಾಗಿ ಏರಿ ಸ್ಥಳಕ್ಕೆ ಅಗಲವನ್ನೂ ಉಸಿರನ್ನೂ ಕೊಡುತ್ತವೆ. ಕಿಟಕಿಗಳ ಕಲ್ಲಿನ ನಿಲುಗಂಬಿಗಳು ಕಮಾನಿನೊಳಕ್ಕೂ ನೇರವಾಗಿಯೇ ಏರುತ್ತವೆ. ಗಾಥಿಕ್ ಶೈಲಿಯ ಕೊನೆಯ ಘಟ್ಟವಾದ ಈ ಲಂಬರೇಖಾಶೈಲಿಯಲ್ಲಿ ಹಿಂದಿನ ಶಿಲ್ಪದ ಬಳ್ಳಿಬಾಗು ಕಡಮೆ, ನಿಲುವು ಹೆಚ್ಚು.

ಈ ಮುಖಮಂಟಪದ ಕಿಟಕಿಗಳಲ್ಲಿ ಬಹುಪಾಲಿನಲ್ಲಿ 14ನೆಯ ಶತಮಾನದ ಗಾಜು ಇಂದಿಗೂ ಉಳಿದಿದೆ. ಪ್ರವಾದಿಗಳು, ಸಂತರು ಒಬ್ಬೊಬ್ಬರೂ ತಮ್ಮ ತಮ್ಮ ಮಂಟಪದಡಿಯಲ್ಲಿ ನಿಂತಿದ್ದಾರೆ; ಸ್ಥಾಪಕನಾದ ವಿಕಮನಿಗಾಗಿ ಪ್ರಾರ್ಥಿಸಿರೆಂಬ ಲ್ಯಾಟಿನ್ ವಾಕ್ಯವು ಅವರ ಪಾದಗಳ ಕೆಳಗೆ ಮತ್ತೆ ಮತ್ತೆ ಬರುತ್ತದೆ. ಈ ಗಾಜುಗಾರನಿಗೆ ತನ್ನ ಮಾಧ್ಯಮದ ಧರ್ಮ ತಿಳಿದಿದ್ದಿತು. ಗಾಜು ತಾನು ಬೆಳಗುವ ವಸ್ತುವಲ್ಲ, ಬೆಳಕನ್ನು ಹಾಯಗೊಡುವ ವಸ್ತು. ಆದಕಾರಣ ಅವನು ನೆರಳುಗಳನ್ನು ತುಂಬದೆ, ಚಿತ್ರಕ್ಕೆ ಆಳವನ್ನು ಕಲ್ಪಿಸದೆ, ಬಣ್ಣವನ್ನು ಬಣ್ಣವಾಗಿಯೇ ಬಿಟ್ಟನು.

ಪಶ್ಚಿಮದ ನಡುಗಿಟಕಿಯ ಹಳೆಯ ಗಾಜಿನಲ್ಲಿ ಕ್ರಿಸ್ತನ ವಂಶವೃಕ್ಷದ ಚಿತ್ರವಿದ್ದಿತು. 18ನೆಯ ಶತಮಾನದಲ್ಲಿ ಅದನ್ನು ತೆಗೆದುಹಾಕಿದರು. ಯಾರ್ಕ್ ನಗರದ ಗಾಜುಗಾರ ವಿಲಿಯಂ ಪೆಕಿಟ್ಟನ ಕೈಸೇರಿದ ಅದರ ಭಾಗಗಳು ಈಗ ಯಾರ್ಕಿನ ಮಹಾದೇವಾಲಯದಲ್ಲಿವೆ. ಬರಿದಾದ ಸ್ಥಾನವನ್ನು ತುಂಬಲು ಆ ಕಾಲದ ಚಿತ್ರಕಾರರಲ್ಲಿ ಅಗ್ರಗಣ್ಯನಾದ ಸರ್ ಜಾಷುವ ರೆನಾಲ್ಡ್ಸನನ್ನು ಕರೆಯಿಸಿದರು. ಅವನು ಬರೆದ ಚಿತ್ರಗಳನ್ನು ಥಾಮಸ್ ಜಾರ್ವಿಸನು ಗಾಜಿನ ಮೇಲೆ ಇಳಿಸಿದನು. ಮೇಲೆ ಕ್ರಿಸ್ತನ ಜನನ; ಕೆಳಗೆ ಏಳು ಸದ್ಗುಣಗಳು ಸ್ತ್ರೀರೂಪದಲ್ಲಿ. ಜನನದ ಚಿತ್ರದಲ್ಲಿ ಚಿತ್ರಕಾರನೂ ಗಾಜುಗಾರನೂ ಕುರುಬರ ವೇಷದಲ್ಲಿ ತಾವೇ ಕಾಣಿಸಿಕೊಂಡಿದ್ದಾರೆ.

ರೆನಾಲ್ಡ್ಸನು ಮಹಾಚಿತ್ರಕಾರನೆಂಬುದರಲ್ಲಿ ವಿವಾದವಿಲ್ಲ. ಆದರೂ ಇಲ್ಲಿ ಅವನು ಸೋತನು. ಸೋಲಿನ ಕಾರಣವು ಬೋಧಪ್ರದವಾಗಿದೆ. ಇಟಲಿಯ ಕೊರೆಜ್ಜೊ ತೋರಿಸಿಕೊಟ್ಟಂತೆ ಅವನು ಶಿಶುವಿನ ಮೈಯಿಂದಲೇ ಹೊರಡುವ ಬೆಳಕು ಸುತ್ತಲಿನ ಕತ್ತಲೆಯಲ್ಲಿರುವ ಮುಖಗಳನ್ನು ಬೆಳಗುವಂತೆ ಚಿತ್ರಿಸಿದನು. ಬಟ್ಟೆಯ ಮೇಲೆ ಇದು ರಮ್ಯವಾದ ಕಲ್ಪನೆ. ಗಾಜಿನ ಮೇಲಾದರೋ ಬೆಳಕು ಬರುವುದು ಹಿಂದಿನ ಆಕಾಶದಿಂದ. ಚಿತ್ರದ ಬೆಳಕಿಗೂ ಕಿಟಕಿಯ ಬೆಳಕಿಗೂ ಇಲ್ಲಿ ವಿರೋಧವೇರ್ಪಟ್ಟಿತು. ಕತ್ತಲೆಯನ್ನು ತೋರಿಸುವುದಕ್ಕಾಗಿ ಗಾಜನ್ನು ಮಬ್ಬುಬಣ್ಣದಿಂದ ಮುಚ್ಚಬೇಕಾಯಿತು. ಮುಚ್ಚಿದ ಕಿಟಕಿ ಕಿಟಕಿಯಾಗಿ ಉಳಿಯಲಿಲ್ಲ. ಕಿಟಕಿಯು ನಿಂತ ಮೇಲೆ ರೆನಾಲ್ಡ್ಸನೇ ನಿರಾಶನಾದನು. ಸಮಕಾಲೀನನಾದ ಹೊರೇಸ್ ವಾಲ್ಪೋಲನು ಆ ಸದ್ಗುಣಗಳನ್ನು ಬಣ್ಣ ತೊಳೆದುಹೋದುವೆಂದು ಹಾಸ್ಯಮಾಡಿದನು. ಪೂರ್ವದ ಕಣ್ಣಿಲ್ಲದ ಮಂದಿರದಲ್ಲಿ ಕೊನೆಗೋಡೆಯೊಂದರಿಂದ ಬೆಳಕು ಬರಬಹುದಾದ ಒಂದೇ ದಿಕ್ಕು ಪಶ್ಚಿಮ. ಬೇರೆ ಯಾವ ದೇವಾಲಯದಲ್ಲಾದರೂ ಇಂತಹ ಕಿಟಕಿಯು ಅಲಂಕಾರದ ದೋಷ ಮಾತ್ರವಾಗುತ್ತಿದ್ದಿತು. ಇಲ್ಲಿ ಅದು ವಿನ್ಯಾಸದ ಮರ್ಮಕ್ಕೇ ತಗುಲಿದ ಪೆಟ್ಟಾಯಿತು.

ಸಾಹಿತ್ಯಪ್ರಿಯರಿಗೆ ಈ ಕಿಟಕಿಯ ಮತ್ತೊಂದು ಸಂಬಂಧ ನೆನಪಾಗದಿರದು. ಇಂಗ್ಲಿಷ್ ಕಾವ್ಯದ ಚರಿತ್ರೆಯನ್ನು ಬರೆದ ಥಾಮಸ್ ವಾರ್ಟನ್ 1782ರಲ್ಲಿ ರೆನಾಲ್ಡ್ಸನ ಈ ಕಿಟಕಿಯನ್ನು ಕುರಿತು ಒಂದು ಪದ್ಯವನ್ನು ಪ್ರಕಟಿಸಿದನು. ಮಧ್ಯಯುಗದ ಮಂದಪ್ರಕಾಶದ ದೇವಾಲಯಗಳಲ್ಲಿ ಆಸಕ್ತನಾಗಿದ್ದ ತಾನು ಈ ಹೊಸ ಚಿತ್ರವನ್ನು ಕಂಡು ಗ್ರೀಕ್ ಸೌಂದರ್ಯದ ಮಾರ್ಗಕ್ಕೆ ತಿರುಗಿದೆನೆಂಬುದು ಅದರ ತಾತ್ಪರ್ಯ. ಆದರೆ ತಾನು ತೊರೆದೆನೆನ್ನುವ ಹಳೆಯ ಮಂದಿರಗಳನ್ನು ವರ್ಣಿಸುವಾಗ ಕವಿಯ ಮಾತಿಗೆ ಬರುವ ಕಾವು, ಹೊಸದನ್ನು ಹೊಗಳುವಾಗ ಬರುವುದಿಲ್ಲ. ಬುದ್ಧಿಯು ಒಂದು ಕಡೆಗೆ ತಲೆದೂಗಿದರೂ ಹೃದಯವು ಹಿಂದೆಯೇ ಉಳಿದಿದ್ದಿತು. ಆ ಮುಖಮಂಟಪದಲ್ಲಿ ನಡುಗಿಟಕಿಯನ್ನು ನೋಡಿ ಅದರ ಪಕ್ಕದ ಹಳೆಯ ಗಾಜಿನ ಕಡೆಗೆ ಕಣ್ಣು ತಿರುಗಿಸುವ ಯಾವ ರಸಿಕನಿಗೂ ಅದೇ ಅನುಭವವಾಗುತ್ತದೆ.

ವೇದಿಯ ಹಿಂದಣ ಮೂರ್ತಿಭಿತ್ತಿಯ ಕಥೆ ಇನ್ನೂ ದೀರ್ಘವಾದುದು. 16ನೆಯ ಶತಮಾನದ ಮತಸುಧಾರಣೆಯ ಕಾಲದಲ್ಲಿ ಮೂರ್ತಿಗಳನ್ನು ಒಡೆದು, ಗೂಡುಗಳನ್ನು ಮುಚ್ಚಿ, ಮೇಲೆ ಗಾರೆ ಬಳಿದರು. 18ನೆಯ ಶತಮಾನದ ಕೊನೆಯಲ್ಲಿ ಜೇಮ್ಸ್ ವಯಟ್ ಎಂಬ ವಾಸ್ತುಶಿಲ್ಪಿಯು ಆ ಗಾರೆಯ ಹಿಂದೆ ಹಳೆಯ ಕೆಲಸದ ಅವಶೇಷಗಳನ್ನು ಕಂಡು, ಅದರ ಸ್ಥಾನದಲ್ಲಿ ತನ್ನದೇ ಗಾರೆಯ ಕೆಲಸವನ್ನು ಮಾಡಿದನು. ಮೇಲ್ಗಡೆ ಗಾರೆಯಿಂದಲೇ ಕಮಾನಿನ ಛಾವಣಿಯನ್ನು ಅನುಕರಿಸಿದನು. ನೂರು ವರ್ಷಗಳೂ ತುಂಬುವ ಮೊದಲು ಸರ್ ಜಾರ್ಜ್ ಗಿಲ್ಬರ್ಟ್ ಸ್ಕಾಟನ ಯೋಜನೆಯಂತೆ, 1877ರಿಂದ 1881ರ ವರೆಗೆ ನಡೆದ ಕೆಲಸದಲ್ಲಿ, ವಯಟನದನ್ನೆಲ್ಲ ಕಿತ್ತು ಮರದ ತೆರೆದ ಮೇಲ್ಛಾವಣಿಯನ್ನು ಹೊದಿಸಿದರು. ಭಿತ್ತಿಯನ್ನು ಕಲ್ಲಿನಲ್ಲಿ ಮತ್ತೆ ಕಟ್ಟಿದರು. ಗೂಡುಗಳಲ್ಲಿ ಈಗ ಕಾಣುವ ಮೂರ್ತಿಗಳು ಅದಾದ ಮೇಲೆ ಬಂದುವು. ಒಡೆದವರು ಒಡೆದರು, ಅವರ ಕೈಗೆ ಸಿಕ್ಕದೆ ಉಳಿದುದು ಉಳಿಯಿತು. ಪ್ರೀತಿಯಿಂದ ಬಂದವರಾದರೋ ಏನನ್ನೂ ಇದ್ದಂತೆ ಬಿಡಲಿಲ್ಲ. ಜೀರ್ಣೋದ್ಧಾರವೆಂಬ ಪುಣ್ಯಕಾರ್ಯದಲ್ಲಿ ಅಡಗಿರುವ ಅಪಾಯವಿದು. ದ್ವೇಷಿಗೆ ಕೆಲಸವು ಬೇಗ ಸಾಕಾಗುತ್ತದೆ. ಭಕ್ತನಿಗೆ ಸಾಕಾಗುವುದೇ ಇಲ್ಲ.

ಇಷ್ಟು ಹೇಳಿದ ಮೇಲೆ ಎದುರುಪಕ್ಷದ ಮಾತನ್ನೂ ಕೇಳಬೇಕು. ಮಂದಿರವು ವಸ್ತುಸಂಗ್ರಹಾಲಯವಲ್ಲ, ಅಲ್ಲಿ ಇಂದಿಗೂ ಗಾಯಕವೃಂದವು ಹಾಡುತ್ತದೆ. ವಿಕಮನೇ ತನ್ನ ನಿಬಂಧನೆಗಳಲ್ಲಿ 16 ಮಂದಿ ಬಾಲಗಾಯಕರನ್ನು ಏರ್ಪಡಿಸಿದ್ದನು. ಆ ಪರಂಪರೆ ಮುರಿದುಹೋಗಿಲ್ಲ. ಮಳೆ ಸೋರುವ ಛಾವಣಿಯ ಕೆಳಗೆ ಹಾಡುವುದು ಸಾಧ್ಯವೇ? ಬೋಳುಗೋಡೆಯನ್ನು ಪ್ರಾಚೀನವೆಂದು ಕಾಯುವುದೇ ಸ್ಥಾಪಕನಿಗೆ ಸಲ್ಲಿಸುವ ಗೌರವವೇ? ಇವು ನ್ಯಾಯವಾದ ಪ್ರಶ್ನೆಗಳು. ಸೇರಿಸುವುದೇ ದೋಷವೆಂದು ಯಾರೂ ಹೇಳಲಾರರು. ತಾನು ಸೇರಿಸಿದುದೆಂದು ಒಪ್ಪಿಕೊಳ್ಳದ ಸೇರ್ಪಡೆಯು ದೋಷ. ಮುಖಮಂಟಪದಲ್ಲಿ ಜೇಕಬ್ ಎಪ್‌ಸ್ಟೈನನು ಕಡೆದ ಲಾಜರಸ್ಸನ ಶಿಲಾಮೂರ್ತಿಯಿದೆ. ಸತ್ತು ಗೋರಿ ಸೇರಿದ್ದವನು ಕ್ರಿಸ್ತನ ಕರೆಗೆ ಓಗೊಟ್ಟು, ಹೆಣದ ಬಟ್ಟೆಯ ಸುತ್ತುಗಳು ಇನ್ನೂ ಬಿಗಿದಿರುವಂತೆಯೇ ಕತ್ತು ತಿರುಗಿಸುತ್ತಿದ್ದಾನೆ. 1940ರ ದಶಕದ ಕೊನೆಯಲ್ಲಿ ಕಡೆದ ಈ ಮೂರ್ತಿಯು ತಾನು 14ನೆಯ ಶತಮಾನದ್ದೆಂದು ನಟಿಸುವುದಿಲ್ಲ. ಆದಕಾರಣವೇ ಹಳೆಯ ಗಾಜಿನ ಬೆಳಕಿನಲ್ಲಿ ನೆಮ್ಮದಿಯಾಗಿ ನಿಂತಿದೆ.

ಇದಕ್ಕಿಂತಲೂ ಚಿಕ್ಕದಾದ, ಆದರೆ ಮನಸ್ಸಿನಲ್ಲಿ ಹೆಚ್ಚು ಕಾಲ ನಿಲ್ಲುವ ಸೇರ್ಪಡೆಯೊಂದುಂಟು. 1914ರಲ್ಲಿ ಪ್ರಾರಂಭವಾದ ಮಹಾಯುದ್ಧದಲ್ಲಿ ಮಡಿದ ತನ್ನ ವಿದ್ಯಾರ್ಥಿಗಳ ಹೆಸರುಗಳನ್ನು ಕಾಲೇಜು ಈ ಮಂದಿರದಲ್ಲಿ ಕೆತ್ತಿಸಿತು. ಅನಂತರ ಬೇರೊಂದು ಫಲಕದಲ್ಲಿ ಮೂವರು ಜರ್ಮನರ ಹೆಸರುಗಳೂ ಬಂದುವು. ಅವರೂ ಈ ಕಾಲೇಜಿನಲ್ಲಿ ಓದಿದವರು. ತಮ್ಮ ದೇಶಕ್ಕೆ ಹಿಂದಿರುಗಿ, ತಮ್ಮ ದೇಶಕ್ಕಾಗಿ ಹೋರಾಡಿ ಸತ್ತವರು. ಪರದೇಶದಿಂದ ಬಂದು ಈ ಸ್ಥಳದ ಪರಂಪರೆಗೆ ಹಕ್ಕುದಾರರಾದವರೆಂದು ಆ ಫಲಕವು ಅವರನ್ನು ಸ್ಮರಿಸುತ್ತದೆ. ಶತ್ರುವೆಂಬ ಮಾತು ಅದರಲ್ಲಿ ಎಲ್ಲಿಯೂ ಇಲ್ಲ. ಶಿಲ್ಪದ ದೃಷ್ಟಿಯಿಂದ ಅದು ಕೆಲವು ಪಂಕ್ತಿಗಳ ಅಕ್ಷರವಷ್ಟೆ. ಆದರೆ ವಿಕಮನ ಆ ಒಂದೇ ಗೋಡೆಯ ತತ್ತ್ವವನ್ನು ಅರಿತು ಮುಂದುವರಿಸಿದ ಕೆಲಸವದು.

ಈಗ ಕೈಸಾಲೆಯ ಕಡೆಗೆ ಬರಬಹುದು. ಕ್ರೈಸ್ತಮಠಗಳಲ್ಲಿ ಕೈಸಾಲೆಯೇ ಎಲ್ಲಕ್ಕೂ ಕೇಂದ್ರ. ದೇವಾಲಯ, ಭೋಜನಶಾಲೆ, ಶಯನಶಾಲೆ, ಸಭಾಗೃಹಗಳು ಅದರ ನಾಲ್ಕು ಬದಿಗಳಿಗೆ ಅಂಟಿಕೊಂಡಿರುತ್ತವೆ. ಸಂನ್ಯಾಸಿಯು ಎಲ್ಲಿಗೆ ಹೋಗಬೇಕಾದರೂ ಅದರ ಮೂಲಕವೇ ಹೋಗಬೇಕು. ಓದುವುದೂ ಬರೆಯುವುದೂ ಅಲ್ಲಿಯೇ. ವಿಕಮನ ಕಾಲೇಜಿನಲ್ಲಿ ಆ ಕೆಲಸವನ್ನೆಲ್ಲ ಚೌಕವು ವಹಿಸಿಕೊಂಡಿತು. ಆದುದರಿಂದ ಕೈಸಾಲೆಗೆ ಕೆಲಸವೇ ಇಲ್ಲದಂತಾಯಿತು. ಆದರೂ ಅವನು ಅದನ್ನು ಬಿಡಲಿಲ್ಲ. ಚೌಕದಿಂದ ಹೊರಗೆ, ಮಂದಿರದ ಪಶ್ಚಿಮಕ್ಕೆ, ಪ್ರತ್ಯೇಕವಾಗಿ ಅದನ್ನು ಕಟ್ಟಿಸಿದನು. ಯಾವ ಕೋಣೆಯೂ ಅದಕ್ಕೆ ತೆರೆಯುವುದಿಲ್ಲ. ಯಾವ ದಾರಿಯೂ ಅದರ ಮೂಲಕ ಬೇರೆಲ್ಲಿಗೂ ಹೋಗುವುದಿಲ್ಲ. 1400ನೆಯ ಇಸವಿಯ ಅಕ್ಟೋಬರ್ 19ರಂದು ಅದರ ಪವಿತ್ರೀಕರಣವಾಯಿತು. ಮೆರವಣಿಗೆಗೂ ಕಾಲೇಜಿನವರ ಸಮಾಧಿಗೂ ಮೀಸಲಾದ ಭೂಮಿಯದು.

ಅದರ ಶಿಲ್ಪದಲ್ಲಿ ಹೊಗಳಿ ಹೇಳುವಂತಹ ಆಡಂಬರ ಯಾವುದೂ ಇಲ್ಲ. ಗ್ಲಾಸ್ಟರಿನ ಕೈಸಾಲೆಯಲ್ಲಿರುವಂತೆ ಬೀಸಣಿಗೆಯಾಕಾರದ ಕಲ್ಲಿನ ಕಮಾನುಗಳಿಲ್ಲ. ದೋಣಿಯನ್ನು ಕವುಚಿದಂತಹ ಸರಳವಾದ ಮರದ ಛಾವಣಿ. ಗಾಜಿಲ್ಲದ ಕಲ್ಲುಜಾಲರಿಯ ಕಿಟಕಿಗಳು ಅಂಕಣಕ್ಕೊಂದರಂತೆ ಒಂದೇ ಅಳತೆಯಲ್ಲಿ ಹಸುರಂಗಳದ ಕಡೆಗೆ ತೆರೆದಿವೆ. ಅಂಗಳದ ಒಂದು ಮೂಲೆಯಲ್ಲಿ ನಿತ್ಯಹಸುರಾದ ದೊಡ್ಡ ಓಕ್ ಮರ. ಉತ್ತರದ ಬದಿಯಲ್ಲಿ ನಗರದ ಗೋಡೆಗೆ ಸೇರಿದಂತೆ ನಿಂತ ಘಂಟಾಗೋಪುರ. ಮಂದಿರದೊಳಗೆ ಎಲ್ಲವೂ ಮೇಲಕ್ಕೆ ಏರುತ್ತದೆ. ಇಲ್ಲಿ ಎಲ್ಲವೂ ನೆಲದ ಮಟ್ಟದಲ್ಲಿಯೇ ಸುತ್ತುತ್ತದೆ. ಅಲ್ಲಿ ಬೆಳಕಿಗೆ ಬಣ್ಣವುಂಟು. ಇಲ್ಲಿ ಆಯಾ ಹೊತ್ತಿನ ಬೆಳಕು ಬಂದಂತೆಯೇ ಬಂದು ನೆಲದ ಮೇಲೆ ಜಾಲರಿಯ ನೆರಳನ್ನು ಹಾಸುತ್ತದೆ. ಮಂದಿರದಲ್ಲಿ ಪ್ರವೇಶಿಸಿದವನಿಗೆ ಒಂದು ಗುರಿಯಿದೆ, ವೇದಿಯಿದೆ. ಕೈಸಾಲೆಯಲ್ಲಿ ಹೊರಟ ಸ್ಥಳಕ್ಕೇ ಮರಳುವನು. ಎರಡನ್ನೂ ಒಟ್ಟಿಗೆ ಓದಿದಾಗಲೇ ಶಿಲ್ಪಿಯ ವಾಕ್ಯವು ಪೂರ್ತಿಯಾಗುತ್ತದೆ.

ಈ ವಿಂಗಡಣೆಯ ಬೆಲೆ ತಿಳಿಯಬೇಕಾದರೆ ಅದೇ ಊರಿನ ಬೇರೆ ಉದಾಹರಣೆಗಳೊಡನೆ ಹೋಲಿಸಬೇಕು. ವಿಂಚೆಸ್ಟರಿನಲ್ಲಿ ವಿಕಮನ ಶಾಲೆಯ ಮುಖ್ಯೋಪಾಧ್ಯಾಯನಾಗಿದ್ದ ವಿಲಿಯಂ ವೇನ್‌ಫ್ಲೀಟ್ ಮಾಡ್ಲಿನ್ ಕಾಲೇಜನ್ನು ಸ್ಥಾಪಿಸಿದಾಗ, 1470ರ ದಶಕದಲ್ಲಿ, ಕೈಸಾಲೆಯನ್ನೂ ಚೌಕವನ್ನೂ ಒಂದುಗೂಡಿಸಿದನು: ಕೆಳಗೆ ಮುಚ್ಚುದಾರಿ, ಮೇಲೆ ಕೋಣೆಗಳು. ಶೋಭೆಯಲ್ಲಿ ಅದು ನ್ಯೂ ಕಾಲೇಜಿನದನ್ನು ಮೀರಿಸುತ್ತದೆ. ಆದರೆ ಅಲ್ಲಿ ನಡೆಯುವವನು ಒಂದು ಕೆಲಸದಿಂದ ಮತ್ತೊಂದು ಕೆಲಸಕ್ಕೆ ನಡೆಯುತ್ತಾನೆ. ಮಾಡ್ಲಿನ್ನಿನಲ್ಲಿ ಓದಿದ ಕಾರ್ಡಿನಲ್ ವುಲ್ಸಿಯು 1525ರಲ್ಲಿ ಈಗಿನ ಕ್ರೈಸ್ಟ್ ಚರ್ಚಿನ ಮಹಾಚೌಕವನ್ನು ಪ್ರಾರಂಭಿಸಿದಾಗ ಅದರ ಸುತ್ತಲೂ ಭವ್ಯವಾದ ಕೈಸಾಲೆಯನ್ನು ಉದ್ದೇಶಿಸಿದನು. 1529ರಲ್ಲಿ ಅವನು ಅಧಿಕಾರದಿಂದ ಬಿದ್ದನು, ಕೆಲಸ ನಿಂತಿತು. ಕಮಾನುಗಳು ಹೊರಡಬೇಕಾಗಿದ್ದ ಗುರುತುಗಳು ಗೋಡೆಗಳ ಮೇಲೆ ಇಂದಿಗೂ ಕಾಣುತ್ತವೆ. ಮೂವರು ಧರ್ಮಾಧಿಕಾರಿಗಳಲ್ಲಿ ಒಬ್ಬನು ಕೈಸಾಲೆಯನ್ನು ಮೌನಕ್ಕೆ ಬಿಟ್ಟನು. ಮತ್ತೊಬ್ಬನು ಅದನ್ನು ಬಳಕೆಗೆ ತಂದನು. ಮೂರನೆಯವನು ಅದನ್ನು ವೈಭವಕ್ಕಾಗಿ ಬಯಸಿ ಪಡೆಯದೆ ಹೋದನು.

ಕೆಲಸವಿಲ್ಲದ ಸ್ಥಳಕ್ಕೆ ಕೆಲಸ ಹುಡುಕುವವರು ಎಲ್ಲ ಕಾಲದಲ್ಲಿಯೂ ಇರುತ್ತಾರೆ. 17ನೆಯ ಶತಮಾನದ ಅಂತರ್ಯುದ್ಧದಲ್ಲಿ ದೊರೆಯ ಪಕ್ಷದವರು ಆಕ್ಸ್‌ಫರ್ಡಿನಲ್ಲಿ ಬೀಡುಬಿಟ್ಟಾಗ ಈ ಕೈಸಾಲೆಯನ್ನೂ ಘಂಟಾಗೋಪುರವನ್ನೂ ಮದ್ದುಗುಂಡಿನ ಉಗ್ರಾಣವಾಗಿ ಮಾಡಿಕೊಂಡರು. ಅದರ ಪಕ್ಕದಲ್ಲಿ ನಡೆಯುತ್ತಿದ್ದ ಬಾಲಕರ ಶಾಲೆಯು ಭೋಜನಶಾಲೆಯ ಬಳಿಯ ಕತ್ತಲೆಕೋಣೆಗೆ ಹೋಗಬೇಕಾಯಿತು. ಮುಂದೆ ಆಕ್ಸ್‌ಫರ್ಡಿನ ಇತಿಹಾಸಕಾರನೆಂದು ಪ್ರಸಿದ್ಧನಾದ ಆಂಥನಿ ವುಡ್ ಆಗ ಆ ಶಾಲೆಯ ಹುಡುಗ. ಅವನೇ ಇದನ್ನು ಬರೆದಿಟ್ಟಿದ್ದಾನೆ. ಗೋರಿಗಳ ಮೇಲೆ ಮದ್ದಿನ ಪೀಪಾಯಿಗಳು! ಒಂದು ಕಿಡಿ ಬಿದ್ದಿದ್ದರೆ ವಿಕಮನ ಗಾಜಿನಲ್ಲಿ ಒಂದು ಚೂರೂ ಉಳಿಯುತ್ತಿರಲಿಲ್ಲ. ಯುದ್ಧ ಮುಗಿಯಿತು, ಪೀಪಾಯಿಗಳು ಹೋದುವು, ಕೈಸಾಲೆಯು ಮೊದಲಿನಂತೆ ಬರಿದಾಯಿತು. ರೆನಾಲ್ಡ್ಸನ ಕುಂಚವಾಗಲಿ ವಯಟನ ಗಾರೆಯಾಗಲಿ ಸ್ಕಾಟನ ಮರವಾಗಲಿ ಅದರ ರೂಪವನ್ನು ಬದಲಾಯಿಸಲಿಲ್ಲ. ಸೊಬಗಿಗೆ ಆಶೆಪಡುವವರ ಕಣ್ಣಿಗೆ ಬೀಳದಷ್ಟು ಸಾದಾ ಆಗಿದ್ದುದೇ ಅದನ್ನು ಕಾಪಾಡಿತು.

ಹೀಗಾಗಿ ಮಂದಿರದ ಬಗೆಗೆ ಕೊಡಬಹುದಾದ ತೀರ್ಮಾನವಿದು. ಅದರ ವಿನ್ಯಾಸವು ಆಕ್ಸ್‌ಫರ್ಡಿನ ಶಿಲ್ಪದಲ್ಲಿ ಪ್ರಥಮಶ್ರೇಣಿಯದು. ಮುಖಮಂಟಪದ ಹಳೆಯ ಗಾಜು ಆ ವಿನ್ಯಾಸಕ್ಕೆ ತಕ್ಕುದು. ಪಶ್ಚಿಮದ ಕಿಟಕಿಯು ಮಹಾಪ್ರತಿಭೆಯ ತಪ್ಪು. ಮೂರ್ತಿಭಿತ್ತಿಯೂ ಛಾವಣಿಯೂ ಶ್ರದ್ಧೆಯಿಂದ ಮಾಡಿದ ಊಹೆ. ಇವುಗಳಲ್ಲಿ ಯಾವುದು ಮೂಲ, ಯಾವುದು ಪ್ರಕ್ಷೇಪ ಎಂಬುದನ್ನು ಅಳೆಯುವ ಕೋಲು ಕೈಸಾಲೆ. ಮಾರಿಯಿಂದ ಬಡವಾದ ನಾಡಿನಲ್ಲಿ, ಪಾಳುನೆಲದ ಮೇಲೆ ವಿದ್ಯೆಯನ್ನು ಮತ್ತೆ ನೆಡಹೊರಟವನು 70 ಮಂದಿ ವಿದ್ಯಾವಂತರಿಗೆ ಅನ್ನ, ಪುಸ್ತಕ, ಪ್ರಾರ್ಥನೆಗಳನ್ನು ಒದಗಿಸಿದ ಮೇಲೆ, ಸತ್ತವರ ನಡುವೆ ಸುಮ್ಮನೆ ನಡೆದಾಡುವುದಕ್ಕೂ ಒಂದಿಷ್ಟು ನೆಲವನ್ನು ಬಿಟ್ಟನು. ಇಂದು ವಿದ್ಯಾಶಾಲೆಗಳನ್ನು ಕಟ್ಟುವವರು ಪ್ರತಿಯೊಂದು ಅಡಿ ನೆಲಕ್ಕೂ ಉಪಯೋಗದ ಲೆಕ್ಕ ಕೇಳುತ್ತಾರೆ. ವಿಕಮನು ಲೆಕ್ಕವರಿಯದವನಲ್ಲ, ರಾಜ್ಯದ ಲೆಕ್ಕವನ್ನೇ ನೋಡಿದವನು. ಅಂತಹವನು ಲೆಕ್ಕಕ್ಕೆ ಹೊರತಾಗಿ ಬಿಟ್ಟ ನೆಲದ ಮೇಲೆ ಅವನ ಕೆಲಸವು ಎಲ್ಲಕ್ಕಿಂತ ಶುದ್ಧವಾಗಿ ಉಳಿದಿದೆ.